ಕಾನೂನು ಸಲಹೆ: ‘ಆಗಾಗ ಬಂದು ನೋಡಬಹುದು’ ಎಂದು ಬರೆದರೆ ಸಾಲದು

ಪ್ರಶ್ನೆ: ಒಂದೂವರೆ ವರ್ಷದಿಂದ ನಾವು ಗಂಡ ಹೆಂಡತಿ ಬೇರೆ ಇದ್ದೇವೆ. ಏಳು ವರ್ಷದ ಮಗಳು ನನ್ನ ಜೊತೆಗಿದ್ದಾಳೆ. ‘ಮಗುವಿನ ಖರ್ಚು ಕೇಳದಿದ್ದರೆ ವಿಚ್ಛೇದನಕ್ಕೆ ಸಹಿ ಹಾಕುತ್ತೇನೆ’ ಎನ್ನುತ್ತಾರೆ ನನ್ನ ಗಂಡ. ನನಗೂ ಬೇಗ ಮುಗಿದರೆ ಸಾಕಾಗಿದೆ. ಒಪ್ಪಬಹುದೆ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಒಪ್ಪಬೇಡಿ. ನಿಮ್ಮ ಪಾಲಿನ ಜೀವನಾಂಶ ಬೇಡವೆನ್ನುವುದು ನಿಮ್ಮಿಷ್ಟ. ಮಗಳದ್ದು ಅವಳ ಹಕ್ಕು, ಅದನ್ನು ಬಿಟ್ಟುಕೊಡಲು ತಾಯಿಗೂ ಅಧಿಕಾರವಿಲ್ಲ. ಬರೆದುಕೊಟ್ಟರೂ ಮುಂದೆ ಅವಳ ಪರವಾಗಿ ಅರ್ಜಿ ಹಾಕಬಹುದು, ಆದರೆ ಮತ್ತೆ ಕೋರ್ಟಿಗೆ ಅಲೆಯಬೇಕು.

ಇನ್ನು ‘ಬೇಗ’ದ ಮಾತು. ನಿಮ್ಮದು ಹಿಂದೂ ವಿವಾಹ ಕಾಯ್ದೆಯಡಿಯ ಮದುವೆ ಎಂದುಕೊಂಡು ಹೇಳುತ್ತೇವೆ. 13ಬಿ ಕಲಮಿನಂತೆ ಕನಿಷ್ಠ ಒಂದು ವರ್ಷ ಬೇರೆ ಇದ್ದವರು ಜಂಟಿ ಅರ್ಜಿ ಹಾಕಬಹುದು. ಆರು ತಿಂಗಳು ಕಳೆದ ಮೇಲೆ, 18 ತಿಂಗಳೊಳಗೆ, ಇಬ್ಬರೂ ಮತ್ತೆ ಹಾಜರಾಗಿ ಒಪ್ಪಿಗೆ ಖಚಿತಪಡಿಸಬೇಕು. ಈ ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನ್ನಾ ಬೇಕೆಂದರೆ ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಪ್ರಯತ್ನ ವಿಫಲವಾಗಿರಬೇಕು, ಜೀವನಾಂಶ ಮತ್ತು ಮಗುವಿನ ಸುಪರ್ದಿ (ಮಗು ಯಾರ ಬಳಿ ಇರಬೇಕು ಎಂಬುದು) ಇತ್ಯರ್ಥವಾಗಿರಬೇಕು. ಮೊದಲ ಹಾಜರಿಯಾದ ಒಂದು ವಾರಕ್ಕೇ ಮನ್ನಾ ಕೇಳಬಹುದು. ಅಂದರೆ ಮಗಳ ವಿಷಯವನ್ನು ತೇಲಿಸಿಬಿಟ್ಟರೆ ತಡವಾಗುವುದು ನಿಮಗೇ.

ರಾಜಿ ಪತ್ರದಲ್ಲಿ ತಿಂಗಳ ಮೊತ್ತ, ಯಾವ ತಾರೀಖಿನೊಳಗೆ, ಯಾವ ಖಾತೆಗೆ, ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ ಎಂಬುದಿರಲಿ. ಶಾಲಾ ಶುಲ್ಕ ಈ ಮೊತ್ತದಲ್ಲಿ ಸೇರಿದೆಯೋ ಬೇರೆಯೋ, ಪಿಯುಸಿ ನಂತರದ ಓದಿಗೆ ಯಾರು ಎಷ್ಟು ಕೊಡಬೇಕು, ಆರೋಗ್ಯ ವಿಮೆ ಯಾರ ಹೆಸರಿನಲ್ಲಿ, ಎಲ್ಲವನ್ನೂ ಬಿಡಿಸಿ ಬರೆಸಿ. ಹೆಚ್ಚಿನ ಜಗಳ ಹುಟ್ಟುವುದು ‘ತಂದೆ ಆಗಾಗ ಬಂದು ನೋಡಬಹುದು’ ಎಂಬ ಒಂದು ಸಾಲಿನಿಂದ. ಅದರ ಬದಲು ‘ತಿಂಗಳ ಎರಡನೇ, ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 6ರವರೆಗೆ, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಅರ್ಧರ್ಧ, ದೀಪಾವಳಿ ಒಂದು ವರ್ಷ ಅಲ್ಲಿ, ಮರು ವರ್ಷ ಇಲ್ಲಿ’ ಎಂದು ಬರೆಸಿ. ಮಗುವನ್ನು ಕರೆದೊಯ್ಯುವವರು ಯಾರು, ಮರಳಿ ಬಿಡುವವರು ಯಾರು, ಯಾವ ಜಾಗದಲ್ಲಿ ಎಂಬುದೂ ಬೇಕು. ಪಾಸ್‌ಪೋರ್ಟಿಗೆ ಇಬ್ಬರ ಒಪ್ಪಿಗೆಯ ಮಾತನ್ನೂ ಈಗಲೇ ಸೇರಿಸಿ, ಮುಂದೆ ಅಲ್ಲೇ ಸಿಕ್ಕಿಕೊಳ್ಳುವುದುಂಟು.

ಡಿಕ್ರಿ (ವಿಚ್ಛೇದನದ ಅಂತಿಮ ಆದೇಶ) ಆಗುವವರೆಗೆ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂಪಡೆಯಬಹುದು. ಹಾಗಾಗಿ ಒಟ್ಟು ಹಣದ ಮಾತಿದ್ದರೆ ಅರ್ಧ ಮೊದಲ ಹಾಜರಿಯಂದು, ಉಳಿದರ್ಧ ಎರಡನೇ ಹಾಜರಿಯಂದು ಕೋರ್ಟಿನಲ್ಲೇ ಡಿಡಿ ಮೂಲಕ ಎಂದು ಬರೆಸುವುದು ಕ್ಷೇಮ.

ಪ್ರಶ್ನೆ: ಹೆಂಡತಿ ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ತವರಿಗೆ ಹೋಗಿ ಮೂರು ತಿಂಗಳಾಯಿತು. ಫೋನಿನಲ್ಲೂ ಮಾತಾಡಿಸಲು ಬಿಡುತ್ತಿಲ್ಲ. ಹೋಗಿ ಕರೆತರಬಹುದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹಾಗೆ ಎತ್ತಿಕೊಂಡು ಬಂದರೆ ಮುಂದಿನ ಪ್ರತಿ ವಿಚಾರಣೆಯಲ್ಲೂ ಅದೇ ನಿಮಗೆ ಮುಳುವಾಗುತ್ತದೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಇದೇನೂ ಕಲ್ಲಿನ ಮೇಲೆ ಬರೆದ ನಿಯಮವಲ್ಲ, ಮಗುವಿನ ಹಿತವೇ ಕೊನೆಯ ಅಳತೆ. ಆದರೂ ಈ ವಯಸ್ಸಿನಲ್ಲಿ ಪೂರ್ಣ ಸುಪರ್ದಿಗಾಗಿ ಹಟ ಹಿಡಿಯುವುದಕ್ಕಿಂತ ಭೇಟಿಯ ಹಕ್ಕನ್ನು ಮೊದಲು ಗಟ್ಟಿ ಮಾಡಿಕೊಳ್ಳುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಅರ್ಜಿ ಹಾಕಿ. ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೌಟುಂಬಿಕ ನ್ಯಾಯಾಲಯಕ್ಕೇ ಅಧಿಕಾರ. ತವರಿಗೆ ಹೋಗಿ ಮೂರೇ ತಿಂಗಳಾಗಿರುವುದರಿಂದ ಯಾವ ಊರು ಎಂಬ ತಕರಾರು ಬಂದೇ ಬರುತ್ತದೆ. ಮಗು ಬೆಂಗಳೂರಿನಲ್ಲಿದ್ದುದಕ್ಕೆ ಶಾಲೆಯ ರಸೀದಿ, ಲಸಿಕೆ ಕಾರ್ಡು ಜೋಡಿಸಿ. ಅದೇ ದಿನ ಮಧ್ಯಂತರ ಅರ್ಜಿಯಲ್ಲಿ ವಾರದ ಭೇಟಿ ಮತ್ತು ದಿನದ ವಿಡಿಯೊ ಕರೆ ಕೇಳಿ. ಜೊತೆಗಿಲ್ಲದ ಪೋಷಕರು ಮಗುವಿನೊಂದಿಗೆ ದಿನಕ್ಕೆ 5–10 ನಿಮಿಷ ಮಾತಾಡುವಂತಿರಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಮ್ಮ ನೆರವಿಗಿದೆ. ಸಿಟ್ಟಿನಲ್ಲಿ ಖರ್ಚಿನ ಹಣ ನಿಲ್ಲಿಸಬೇಡಿ. ಖಾತೆಗೆ ಕಳುಹಿಸುತ್ತಲೇ ಇರಿ, ದಾಖಲೆ ಉಳಿಯುತ್ತದೆ.

ಪ್ರಶ್ನೆ: ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ರಡಿ ಮಗನಿಗೆ ತಿಂಗಳಿಗೆ 8,000 ರೂಪಾಯಿ ಜೀವನಾಂಶದ ಆದೇಶವಾಗಿದೆ. 14 ತಿಂಗಳಿಂದ ಒಂದು ಪೈಸೆ ಬಂದಿಲ್ಲ.
– ಓದುಗರು, ಧಾರವಾಡ

ಉತ್ತರ: ಈ ವಾರವೇ ಬಾಕಿ ವಸೂಲಿ ಅರ್ಜಿ ಹಾಕಿ. ಪ್ರತಿ ಕಂತಿನ ಬಾಕಿಗೂ, ಅದು ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿದರಷ್ಟೇ ಈ ಕಲಮಿನಡಿ ವಾರಂಟ್. ಹಾಗಾಗಿ ಹಳೆಯ ಎರಡು ತಿಂಗಳು ಈ ದಾರಿಯಿಂದ ಆಗಲೇ ತಪ್ಪಿವೆ. ತಡ ಮಾಡಿದರೆ ತಿಂಗಳಿಗೊಂದರಂತೆ ಉಳಿದವೂ ಜಾರುತ್ತವೆ. ಸಿಆರ್‌ಪಿಸಿ 125ರ ಈ ನಿಯಮ ಈಗ ಅದರ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ವಿಧಿಸಬಹುದು, ಜೈಲಿಗೆ ಹೋದರೂ ಸಾಲ ತೀರುವುದಿಲ್ಲ. ಆದೇಶದ ದೃಢೀಕೃತ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ತಿಂಗಳವಾರು ಬಾಕಿ ಪಟ್ಟಿ ಜೊತೆಗಿರಲಿ. ಹಳೆಯ ವಿಳಾಸ ಕೊಟ್ಟರೆ ವಾರಂಟ್ ‘ಆಸಾಮಿ ಇಲ್ಲ’ ಎಂದು ವಾಪಸು ಬರುತ್ತದೆ. ಹಣ ಕೊಡಬೇಕಾದವರು ಕೆಲಸ ಮಾಡುವ ಜಾಗದ ವಿಳಾಸವನ್ನೂ ಬರೆಯಿರಿ.