ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ಮತ್ತು ಮೂತ್ರಪಿಂಡ

ಪ್ರಶ್ನೆ: ನನಗೆ 56 ವರ್ಷ. 11 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಕಳೆದ ತಿಂಗಳು ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಹೋಗುತ್ತಿದೆಯೆಂದೂ ಅದರ ಅನುಪಾತ 140 ಎಂದೂ ವರದಿ ಬಂತು. ಬಿ.ಪಿ. 138/86 ಮಾತ್ರ ಇತ್ತು. ವೈದ್ಯರು ಟೆಲ್ಮಿಸಾರ್ಟನ್ ಕೊಟ್ಟರು. ಮೂರು ವಾರಗಳ ನಂತರ ಕ್ರಿಯಾಟಿನಿನ್ 1.0ರಿಂದ 1.2ಕ್ಕೆ ಏರಿದೆ. ಬಿ.ಪಿ. ಮಾತ್ರೆಯೇ ಕಿಡ್ನಿಯನ್ನು ಹಾಳುಮಾಡುತ್ತದೆ, ನಿಲ್ಲಿಸಿಬಿಡಿ ಎನ್ನುತ್ತಾರೆ ಪರಿಚಯದವರು. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕುವ ಕಲ್ಮಶವಾದ ಕ್ರಿಯಾಟಿನಿನ್ ಇಷ್ಟು ಏರಿರುವುದು ಮಾತ್ರೆ ತನ್ನ ಕೆಲಸ ಮಾಡುತ್ತಿರುವುದರ ಗುರುತೇ ಆಗಿರುವ ಸಾಧ್ಯತೆ ಹೆಚ್ಚು.

ಹೃದಯದಿಂದ ಹೊರಡುವ ರಕ್ತದ ಸುಮಾರು ಐದನೇ ಒಂದು ಪಾಲು, ಅಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು, ಎರಡು ಮೂತ್ರಪಿಂಡಗಳಿಗೆ ಹೋಗುತ್ತದೆ. ಒಂದೊಂದು ಮೂತ್ರಪಿಂಡದಲ್ಲಿಯೂ ರಕ್ತವನ್ನು ಸೋಸುವ ಸೂಕ್ಷ್ಮ ರಕ್ತನಾಳಗಳ ಗಂಟುಗಳು ಸುಮಾರು ಹತ್ತು ಲಕ್ಷ ಇವೆ. ಪ್ರತಿ ಗಂಟಿಗೂ ರಕ್ತ ಒಳಬರಲು ಒಂದು ಕಿರುನಾಳ, ಹೊರಹೋಗಲು ಇನ್ನೊಂದು. ಒಳಬರುವ ನಾಳ ಹಿಗ್ಗಿದರೂ ಹೊರಹೋಗುವ ನಾಳ ಬಿಗಿದರೂ ಗಂಟಿನೊಳಗೆ ಒತ್ತಡ ಏರುತ್ತದೆ. ತೋಳಿಗೆ ಕಟ್ಟುವ ಪಟ್ಟಿಯಿಂದ ಅಳೆಯಲಾಗದ ಒತ್ತಡ ಇದು.

ಸೋಸಿಹೋದ ಸಕ್ಕರೆಯನ್ನು, ಗಂಟಿನಿಂದ ಮುಂದೆ ಸಾಗುವ ಮೂತ್ರನಾಳಿಕೆಯ ಮೊದಲ ಭಾಗ ರಕ್ತಕ್ಕೆ ಹಿಂದಿರುಗಿಸುತ್ತದೆ. ಆದರೆ ಸಕ್ಕರೆ ಒಂಟಿಯಾಗಿ ಹಿಂದಿರುಗದೆ ಸೋಡಿಯಂ ಅನ್ನೂ ಜೊತೆಗೆ ಕರೆದೊಯ್ಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಹೀಗೆ ಹಿಂದಿರುಗುವ ಪ್ರಮಾಣ ಹೆಚ್ಚುವುದರಿಂದ ನಾಳಿಕೆಯ ಮುಂದಿನ ಭಾಗಕ್ಕೆ ತಲುಪುವ ಉಪ್ಪು ಕಡಿಮೆಯಾಗುತ್ತದೆ. ಅಲ್ಲಿ ಉಪ್ಪಿನ ಪ್ರಮಾಣವನ್ನು ಸದಾ ಗಮನಿಸುತ್ತಿರುವ ಕೆಲವು ಜೀವಕೋಶಗಳಿವೆ. ಉಪ್ಪು ಕಡಿಮೆ ಬಂದರೆ ಸೋಸುವಿಕೆಯೇ ಸಾಲುತ್ತಿಲ್ಲವೆಂದು ತಿಳಿದು ಅವು ಒಳಬರುವ ನಾಳವನ್ನು ಹಿಗ್ಗಿಸುತ್ತವೆ. ಇನ್ನೊಂದೆಡೆ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಹೊರಹೋಗುವ ನಾಳವನ್ನು ಬಿಗಿಯುತ್ತದೆ. ವರ್ಷಗಟ್ಟಲೆ ಈ ಒತ್ತಡ ತಡೆದ ಗಂಟಿನ ಜಾಲರಿ ಸಡಿಲಗೊಂಡು ಅಲ್ಬುಮಿನ್ ಸೋರತೊಡಗುತ್ತದೆ. ಮೂತ್ರದ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತ 30ರ ಒಳಗಿರಬೇಕು, ನಿಮ್ಮದು 140.

ಈ ಘಟ್ಟದಲ್ಲಿ ಸೋಸುವಿಕೆ ಅತಿಯಾಗಿರುವುದರಿಂದ ಕ್ರಿಯಾಟಿನಿನ್ ಬಹಳ ಚೆನ್ನಾಗಿಯೇ ಕಾಣುತ್ತದೆ. ಅದೊಂದನ್ನೇ ನೋಡಿ ನಿಶ್ಚಿಂತರಾಗಿ, ಮೂತ್ರಪರೀಕ್ಷೆಯನ್ನು ಮಾಡಿಸದೆ ಹೋದವರನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ನಿಮ್ಮ 138/86 ಕೂಡ ‘ಮಾತ್ರ’ ಎನ್ನುವಂಥದ್ದಲ್ಲ. ಆರೋಗ್ಯವಂತರಲ್ಲಿ ಬಿ.ಪಿ. ಏರಿದಾಗ ಒಳಬರುವ ನಾಳ ತಾನೇ ಬಿಗಿದುಕೊಂಡು ಗಂಟನ್ನು ಕಾಪಾಡುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಈ ರಕ್ಷಣೆ ಕುಂದುವುದರಿಂದ ದೇಹದ ಬಿ.ಪಿ. ಹೆಚ್ಚು ಪಾಲು ನೇರವಾಗಿ ಒಳಗೆ ಬಡಿಯುತ್ತದೆ. ಮೂತ್ರಪಿಂಡ ಹಿಡಿದಿಟ್ಟುಕೊಂಡ ಉಪ್ಪು ಮತ್ತು ನೀರು ಬಿ.ಪಿ.ಯನ್ನು ಮತ್ತಷ್ಟು ಏರಿಸುತ್ತವೆ. ಆದ್ದರಿಂದಲೇ ನಿಮ್ಮಂಥವರಲ್ಲಿ ಅದನ್ನು 130/80ಕ್ಕಿಂತ ಕೆಳಗೆ ತರಬೇಕೆನ್ನುವುದು.

ಟೆಲ್ಮಿಸಾರ್ಟನ್ ಆಂಜಿಯೋಟೆನ್ಸಿನ್‌ನ ಬಿಗಿತವನ್ನು ತಪ್ಪಿಸಿ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಗಂಟಿನ ಒತ್ತಡ ಇಳಿದಾಗ ಸೋಸುವಿಕೆಯೂ ಸ್ವಲ್ಪ ತಗ್ಗಿ, ಕ್ರಿಯಾಟಿನಿನ್ ತುಸು ಏರುತ್ತದೆ. ಶೇ. 30ರವರೆಗಿನ ಏರಿಕೆಗಾಗಿ ಮಾತ್ರೆ ನಿಲ್ಲಿಸುವುದಿಲ್ಲ, ನಿಮ್ಮದು ಶೇ. 20. ಇದೇ ಗುಂಪಿನ ಲೊಸಾರ್ಟನ್ ಮತ್ತು ಇರ್ಬೆಸಾರ್ಟನ್ ಔಷಧಗಳು ಸಕ್ಕರೆ ಕಾಯಿಲೆಯವರ ಮೂತ್ರಪಿಂಡದ ಹಾನಿಯನ್ನು ನಿಧಾನಗೊಳಿಸುತ್ತವೆಂದು 2001ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ತೋರಿಸಿಕೊಟ್ಟಿವೆ. ಆದರೂ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಎರಡನ್ನೂ ಕೆಲವು ವಾರಗಳಲ್ಲಿ ಮತ್ತೆ ಪರೀಕ್ಷಿಸಿಕೊಳ್ಳಿ. ಕ್ರಿಯಾಟಿನಿನ್ ಇನ್ನೂ ಏರುತ್ತಲೇ ಹೋದರೆ ಮೂತ್ರಪಿಂಡದ ದೊಡ್ಡ ರಕ್ತನಾಳವೇ ಕಿರಿದಾಗಿದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ.

ಸಕ್ಕರೆ ಮತ್ತು ಸೋಡಿಯಂ ಜೊತೆಯಾಗಿ ಹಿಂದಿರುಗುವುದನ್ನೇ ತಡೆದು, ಒಳಬರುವ ನಾಳದ ಹಿಗ್ಗುವಿಕೆಯನ್ನು ಸರಿಪಡಿಸುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಔಷಧಗಳೂ ಈಗ ಇವೆ. ಅವು ನಿಮಗೆ ಹೊಂದುತ್ತವೆಯೇ ಎಂದು ವೈದ್ಯರನ್ನು ಅವಶ್ಯವಾಗಿ ಕೇಳಿ. ಊಟದ ಉಪ್ಪು ದಿನಕ್ಕೆ ಒಂದು ಚಹಾ ಚಮಚೆಯನ್ನು, ಅಂದರೆ 5 ಗ್ರಾಂ ಅನ್ನು, ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗಳ ಉಪ್ಪೂ ಈ ಲೆಕ್ಕದಲ್ಲಿಯೇ ಸೇರುತ್ತದೆ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ಬಳಸಬೇಡಿ, ಅದರಲ್ಲಿರುವ ಪೊಟ್ಯಾಸಿಯಂ ಈ ಮಾತ್ರೆಯ ಜೊತೆ ಸೇರಿದರೆ ರಕ್ತದಲ್ಲಿ ಅತಿಯಾಗಬಹುದು.

ಪ್ರಶ್ನೆ: ನಾನೂ ಇದೇ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ಮೂತ್ರಪಿಂಡಕ್ಕೆ ರಕ್ತ ಕಡಿಮೆಯಾದ ಹೊತ್ತಿನಲ್ಲಿ ಒಳಬರುವ ನಾಳವನ್ನು ತೆರೆದಿಡುವ ಪ್ರೊಸ್ಟಾಗ್ಲಾಂಡಿನ್‌ಗಳನ್ನು ಈ ನೋವಿನ ಮಾತ್ರೆ ತಡೆಯುತ್ತದೆ. ಹೊರಹೋಗುವ ನಾಳವನ್ನು ಟೆಲ್ಮಿಸಾರ್ಟನ್ ಆಗಲೇ ಸಡಿಲಿಸಿರುತ್ತದೆಯಾದ್ದರಿಂದ ಗಂಟಿನೊಳಗೆ ಸೋಸಲು ಬೇಕಾದಷ್ಟು ಒತ್ತಡವೂ ಉಳಿಯದೆ ಹೋಗಬಹುದು. ವಾಂತಿ, ಭೇದಿಯಿಂದ ಮೈಯ ನೀರು ಇಂಗಿದ ದಿನ ಈ ಅಪಾಯ ಇನ್ನೂ ಹೆಚ್ಚು; ಅಂಥ ದಿನ ಟೆಲ್ಮಿಸಾರ್ಟನ್ ಅನ್ನೂ ತಾತ್ಕಾಲಿಕವಾಗಿ ತಡೆಹಿಡಿಯಬೇಕೇ ಎಂದು ವೈದ್ಯರಿಗೆ ಕೂಡಲೇ ಫೋನ್ ಮಾಡಿ ಕೇಳಿ. ಮಂಡಿನೋವಿಗೆ ಅವರು ಹೇಳಿದ ಮಿತಿಯಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು.