ಟಿವಿಯಲ್ಲಿ ಕೊಕ್ಕೆ ಚುಚ್ಚಿಕೊಂಡು ನೇತಾಡುವವರ ಚರ್ಮ ಹರಿಯುವುದಿಲ್ಲವೇ?

ಸಾಮಾನ್ಯವಾಗಿ ಹರಿಯುವುದಿಲ್ಲ. ಇದನ್ನು ಬಾಡಿ ಸಸ್ಪೆನ್ಷನ್ ಅಂತಾರೆ. ಬಹಳಷ್ಟು ಸಲ ಅದು ಕಣ್ಕಟ್ಟಲ್ಲ, ನಿಜವಾದ ಕೊಕ್ಕೆಗಳೇ.

ನಮ್ಮ ಚರ್ಮ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಗಟ್ಟಿ. ಅದರೊಳಗಿನ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದುಕೊಂಡಿವೆ. ಕೊಕ್ಕೆಯನ್ನು ಮಾಂಸಖಂಡಕ್ಕೆ ಚುಚ್ಚುವುದಿಲ್ಲ, ಚಿವುಟಿ ಎತ್ತಿದ ಚರ್ಮದ ಮಡಿಕೆಯಲ್ಲಿ ತೂರಿಸುತ್ತಾರೆ. ಭಾರ ಎಲ್ಲ ಕೊಕ್ಕೆಗಳಿಗೂ ಹಂಚಿಹೋಗಬೇಕು, ಅದೇ ಮುಖ್ಯ. 60 ಕಿಲೋ ತೂಕದವರು 6 ಕೊಕ್ಕೆಗಳಲ್ಲಿ ಸಮವಾಗಿ ನೇತಾಡಿದರೆ ಒಂದೊಂದಕ್ಕೆ ಸುಮಾರು 10 ಕಿಲೋ ಬೀಳುತ್ತದೆ, ಅಷ್ಟೇ. ಹಗ್ಗದ ಅಳತೆ ತಪ್ಪಿದರೆ ಮಾತ್ರ ಲೆಕ್ಕ ಕೆಡುತ್ತದೆ, ಚರ್ಮ ಹರಿಯಲೂಬಹುದು.

2005ರಲ್ಲಿ ಜಾದೂಗಾರ ಕ್ರಿಸ್ ಏಂಜೆಲ್ ತಮ್ಮ ಅಮೆರಿಕನ್ ಟಿವಿ ಕಾರ್ಯಕ್ರಮದಲ್ಲಿ ಹೆಲಿಕಾಪ್ಟರಿನಿಂದ ಹೀಗೆ ನೇತಾಡಿದ್ದರು. ನೋಡಿದವರಿಗೆ ನೆನಪಿರಬೇಕು, ಅಲ್ವಾ?

ಟಿವಿ ಹೆಚ್ಚಾಗಿ ತೋರಿಸುವುದು ಆ ರೋಚಕ ಗಳಿಗೆಯನ್ನು. ಕೊಕ್ಕೆಗಳನ್ನು ಸ್ಟೆರಿಲೈಸ್ ಮಾಡುವುದು, ನಿಧಾನವಾಗಿ ಮೇಲೆತ್ತುವುದು, ಇಳಿದ ಮೇಲೆ ಚರ್ಮದಡಿ ಸೇರಿದ ಗಾಳಿಯನ್ನು ಒತ್ತಿ ಹೊರಗೆ ತೆಗೆಯುವುದು ಕಾಣುವುದೇ ಕಡಿಮೆ. ನನಗೆ ಬೇಸರವಾಗುವುದು ಇದಕ್ಕೇ. ಆ ಕಲಾವಿದರ ನಿಜವಾದ ಪರಿಣತಿ ಇರುವುದು ಅಲ್ಲೇ. ಸೋಂಕಿನ ಅಪಾಯವೂ ನಿಜ. ದಯವಿಟ್ಟು ಸುಮ್ನೆ ನೋಡಿ ಮನೆಯಲ್ಲಿ ಪ್ರಯತ್ನಿಸಬೇಡಿ.