ಸಂತೆ ಊರಿನಲ್ಲಿ 10 ಕಿ.ಮೀ. ರಸ್ತೆ ಓಟ ನಡೆಸಬೇಕು, ಎಲ್ಲಿಂದ ಶುರು ಮಾಡಲಿ?

ನಿಮ್ಮದು ಸಣ್ಣ ಸಂತೆ ಊರು, ಇನ್ನೂರು ಮುನ್ನೂರು ಜನರ 10 ಕಿ.ಮೀ. ಓಟ ಮಾಡಬೇಕು ಅಂತಿದ್ದೀರಿ, ಮೊದಲ ಕೆಲಸ ಯಾವುದು ಅಂತ ಕೇಳಿದ್ದೀರಿ. ಇಂಥದ್ದೇ ಒಂದು ಓಟ ನಡೆಸುವ ತಂಡದಲ್ಲಿ ನಾನು ಕೆಲವು ವರ್ಷ ಇದ್ದೆ. ಟೀ ಶರ್ಟು, ಪದಕ, ಬ್ಯಾನರು ಎಲ್ಲ ಆಮೇಲೆ ನೋಡಿಕೊಳ್ಳಬಹುದು. ಮೊದಲು ಓಟದ ದಾರಿಯಲ್ಲಿ ಒಂದು ಸಲ ನಡೆದು ಬನ್ನಿ. ಓಟ ಇಡಬೇಕು ಅಂದುಕೊಂಡ ವಾರದ ದಿನವೇ, ಅದೇ ಹೊತ್ತಿಗೆ ಹೋಗಿ.

ಯಾಕೆಂದರೆ ಸಂತೆ ಇಲ್ಲದ ದಿನ ಆರಿಸಿದರೆ ಸಾಕು ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಸಂತೆ ಒಂದೇ ದಿನದ್ದಲ್ಲ. ಹಿಂದಿನ ದಿನವೇ ಮಾಲು ಬಂದು ಇಳಿಯುತ್ತದೆ, ಮರುದಿನ ಬೆಳಿಗ್ಗೆ ಗಾಡಿಗಳು ವಾಪಸ್ ಹೊರಡುತ್ತವೆ, ಕಸ ಎತ್ತುವವರು ಬಂದಿರುತ್ತಾರೆ. ಆ ಮೂರೂ ದಿನ ಬಿಟ್ಟುಬಿಡಿ.

ಆಮೇಲೆ ಒಂದು ಲೆಕ್ಕ ಹಾಕಿ. ಇದನ್ನು ನಾವು ಮೊದಲ ವರ್ಷ ಹಾಕಿರಲಿಲ್ಲ, ರಸ್ತೆ ಬದಿಯವರಿಗೆ ಸುಮ್ನೆ ತೊಂದರೆ ಕೊಟ್ಟೆವು. ಎಲ್ಲರಿಗಿಂತ ಮುಂದಿರುವ ಓಟಗಾರ ಕಿಲೋಮೀಟರಿಗೆ ಮೂರೂವರೆ ನಿಮಿಷ ತೆಗೆದುಕೊಳ್ಳುತ್ತಾನೆ, ಕೊನೆಯವರು ಒಂಬತ್ತು ನಿಮಿಷ ಅಂತ ಇಟ್ಟುಕೊಳ್ಳಿ. 2ನೇ ಕಿ.ಮೀ. ಹತ್ತಿರ ಇರುವ ಅಂಗಡಿಯ ಮುಂದೆ ಮೊದಲನೆಯವನು 7ನೇ ನಿಮಿಷಕ್ಕೆ ಬರುತ್ತಾನೆ, ಕೊನೆಯವರು 18ಕ್ಕೆ. ಬರೀ 11 ನಿಮಿಷದ ಮಾತು. ಅದೇ ಅಂಗಡಿ 9ನೇ ಕಿ.ಮೀ.ನಲ್ಲಿದ್ದರೆ? ಮೊದಲನೆಯವನು 32ನೇ ನಿಮಿಷದ ಹೊತ್ತಿಗೆ, ಕೊನೆಯವರು 81ಕ್ಕೆ. ಹತ್ತಿರ ಹತ್ತಿರ 50 ನಿಮಿಷ ರಸ್ತೆ ಬಂದ್. ಹಾಗಾಗಿ ಪೇಟೆ ಬೀದಿಯನ್ನು ಓಟದ ಶುರುವಿನಲ್ಲೇ ದಾಟಿಸಿಬಿಡಿ, ಓಟಗಾರರು ಇನ್ನೂ ಗುಂಪಾಗಿರುವಾಗ. ಮುಗಿಯುವ ಜಾಗ ಊರಾಚೆಯ ಮೈದಾನ ಆಗಲಿ.

ಈ ಲೆಕ್ಕ ಕೈಲಿಟ್ಟುಕೊಂಡು ದಾರಿಯ ಎರಡೂ ಬದಿ ಒಂದೊಂದೇ ಬಾಗಿಲಿಗೆ ಹೋಗಿ. "ಬೆಳಿಗ್ಗೆ ಓಟ ಇದೆ, ಸಹಕರಿಸಿ" ಅಂತ ಚೀಟಿ ಹಂಚಿದರೆ ಯಾರೂ ಓದುವುದಿಲ್ಲ. "ಅಣ್ಣ, ನಿಮ್ಮ ಮುಂದೆ ಆರೂವರೆಯಿಂದ ಮುಕ್ಕಾಲು ಗಂಟೆಯೊಳಗೆ ಎಲ್ಲರೂ ಹೋಗಿಬಿಡುತ್ತಾರೆ, ಗಾಡಿ ಆಮೇಲೆ ತರಿಸಿಕೊಳ್ಳಬಹುದಾ" ಅಂತ ಕೇಳಿ ನೋಡಿ. ನಿಮಿಷ ಹೇಳಿ ಕೇಳಿದರೆ ಜನ ಒಪ್ಪುತ್ತಾರೆ. ಯಾರ ಮನೆಯಲ್ಲಿ ಹುಷಾರಿಲ್ಲದವರು ಇದ್ದಾರೆ, ಆಂಬುಲೆನ್ಸ್ ಯಾವ ದಾರಿಯಲ್ಲಿ ಬರಬೇಕಾಗುತ್ತದೆ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಪೊಲೀಸರ ಮತ್ತು ಸ್ಥಳೀಯ ಆಡಳಿತದ ಅನುಮತಿ ಬರಹದಲ್ಲೇ ಇರಲಿ, ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ.

ಇನ್ನು ಅಳತೆ. ಇದರಲ್ಲಿ ದಯವಿಟ್ಟು ಅಂದಾಜು ಬೇಡ. 1981ರ ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ ಅಮೆರಿಕದ ಓಟಗಾರ ಆಲ್ಬರ್ಟೊ ಸಲಜಾರ್ 2 ಗಂಟೆ 8 ನಿಮಿಷ 13 ಸೆಕೆಂಡಿನಲ್ಲಿ ಓಡಿದ್ದನ್ನು ವಿಶ್ವದಾಖಲೆ ಅಂದರು. ಆಮೇಲೆ ಅಳೆದು ನೋಡಿದರೆ ದಾರಿಯೇ ಸುಮಾರು 150 ಮೀಟರ್ ಕಮ್ಮಿ ಇತ್ತು. ಅಷ್ಟು ದೊಡ್ಡ ಓಟದಲ್ಲೇ ಹೀಗಾಗಿದೆ ಅಂದರೆ ನಾವು ಬೈಕಿನ ಮೀಟರ್, ಫೋನು ನಂಬಿ ಕೂರಬಾರದು ಅಲ್ವಾ. ಸರಿಯಾದ ಕ್ರಮ ಸೈಕಲ್ಲಿನದು. ಉಕ್ಕಿನ ಟೇಪಿನಲ್ಲಿ 300 ಮೀಟರ್‌ನಷ್ಟು ನೇರ ರಸ್ತೆ ಅಳೆದು ಗುರುತು ಹಾಕಿ, ಮುಂದಿನ ಚಕ್ರಕ್ಕೆ ಸುತ್ತು ಎಣಿಸುವ ಕೌಂಟರ್ ಕಟ್ಟಿದ ಸೈಕಲ್ಲನ್ನು ಅದರ ಮೇಲೆ ನಾಲ್ಕು ಸಲ ಓಡಿಸಿ, ಅಷ್ಟು ದೂರಕ್ಕೆ ಕೌಂಟರ್ ಎಷ್ಟು ಎಣಿಸುತ್ತದೆ ಅಂತ ಬರೆದುಕೊಂಡು, ಆಮೇಲೆ ಪೂರ್ತಿ ದಾರಿ ಅಳೆದು, ಮತ್ತೆ ಅದೇ 300 ಮೀಟರ್ ನಾಲ್ಕು ಸಲ. ಬಿಸಿಲೇರಿದಂತೆ ಟಯರು ಉಬ್ಬಿ ಲೆಕ್ಕ ಬದಲಾಗುತ್ತದೆ, ಅದಕ್ಕೇ ಮೊದಲೂ ಒಮ್ಮೆ, ಕೊನೆಗೂ ಒಮ್ಮೆ. ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅತಿ ಹತ್ತಿರದ ಗೆರೆ ಹಿಡಿದು ಹೋಗಬೇಕು. ಕೊನೆಗೆ ಸಾವಿರಕ್ಕೆ ಒಂದರಂತೆ, ಅಂದರೆ 10 ಕಿ.ಮೀ.ಗೆ 10 ಮೀಟರ್ ಸೇರಿಸುತ್ತಾರೆ, ದಾರಿ ಕಮ್ಮಿ ಆಗದಿರಲಿ ಅಂತ. ಓಟದ ದಿನ ಹತ್ತಾರು ಜನ ಬಂದು "ನನ್ನ ವಾಚಲ್ಲಿ ಜಾಸ್ತಿ ತೋರಿಸ್ತಿದೆ" ಅನ್ನುತ್ತಾರೆ. ಅವರು ತಿರುವುಗಳಲ್ಲಿ ಅಗಲವಾಗಿ ಸುತ್ತಿರುತ್ತಾರೆ, ವಾಚಿನ ಜಿಪಿಎಸ್ ಕೂಡ ಸ್ವಲ್ಪ ಆಚೀಚೆ ತೋರಿಸುತ್ತದೆ. ನೀವು ಅಳೆದಿದ್ದೀರಿ ಅಂದಮೇಲೆ ತಾಳ್ಮೆಯಿಂದ ವಿವರಿಸಬಹುದು.

ಪ್ರತಿ ತಿರುವಿಗೂ ಇಬ್ಬರು ನಿಲ್ಲಲಿ, ಒಬ್ಬರು ಸಾಲದು. ನಮ್ಮ ಎರಡನೇ ವರ್ಷ ಒಂದು ಕಡೆ ಒಬ್ಬನೇ ಹುಡುಗ ಇದ್ದ. ಯಾರೋ ಕಾರಿನವರ ಜೊತೆ ವಾದಕ್ಕೆ ಬಿದ್ದ, ಅಷ್ಟರಲ್ಲಿ ಮುಂದಿದ್ದ ಮೂವರು ನೇರ ಹೋಗಿಬಿಟ್ಟರು. ಅವರಲ್ಲೊಬ್ಬಳು ಎಂಟು ತಿಂಗಳು ಅಭ್ಯಾಸ ಮಾಡಿಕೊಂಡು ಬಂದವಳು. ಅವಳ ಮುಖ ಇವತ್ತಿಗೂ ಮರೆತಿಲ್ಲ. ತಪ್ಪು ಹುಡುಗನದಲ್ಲ, ಒಬ್ಬನನ್ನೇ ನಿಲ್ಲಿಸಿದ ನಮ್ಮದು.

ನೀರು ಎರಡು ಮೂರು ಕಿ.ಮೀ.ಗೆ ಒಂದು ಕಡೆ ಸಾಕು. ಮೇಜುಗಳನ್ನು ಉದ್ದಕ್ಕೆ ಹರಡಿ ಇಡಿ, ಇಲ್ಲದಿದ್ದರೆ ಮೊದಲ ಮೇಜಿಗೇ ಎಲ್ಲರೂ ಮುಗಿಬೀಳುತ್ತಾರೆ.

ವೈದ್ಯರ ತಂಡಕ್ಕೆ ಎರಡು ವಿಷಯ ಮೊದಲೇ ಕೇಳಿ. ಹೃದಯ ನಿಂತು ಕುಸಿದವರಿಗೆ ಆ ಕ್ಷಣವೇ ಎದೆ ಒತ್ತಲು ದಾರಿಯುದ್ದಕ್ಕೂ ಯಾರಿಗೆ ಬರುತ್ತದೆ, ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಎಲ್ಲಿದೆ? ಬಿಸಿಲಿಗೆ ಬಿದ್ದವರನ್ನು ಮುಳುಗಿಸಲು ತಣ್ಣೀರಿನ ದೊಡ್ಡ ತೊಟ್ಟಿ ಇದೆಯಾ? ಓಡುತ್ತಾ ಮೈ ಶಾಖ 40 ಡಿಗ್ರಿ ದಾಟಿ, ತೊದಲುತ್ತಾ ದಿಕ್ಕು ತಪ್ಪಿದಂತೆ ಆಡುವವರನ್ನು ಮೊದಲು ಅಲ್ಲೇ ತಣ್ಣಗೆ ಮಾಡಬೇಕು, ಆಸ್ಪತ್ರೆಗೆ ಸಾಗಿಸುವುದು ಆಮೇಲೆ. ಇಲ್ಲಿ ನಿಮಿಷಗಳೇ ಜೀವ.

ಕೊನೆಯ ಓಟಗಾರರ ಹಿಂದೆ ಒಬ್ಬರು ಸೈಕಲ್ಲಿನಲ್ಲಿ ಬರಲಿ. ಅವರು ದಾಟಿದ ಕೂಡಲೇ ಆ ತುಂಡು ರಸ್ತೆ ಬಿಟ್ಟುಕೊಡಿ, ಆದರೆ ಮೈದಾನದ ಗಡಿಯಾರವನ್ನು ಕೊನೆಯವರು ಬರುವವರೆಗೂ ಬಿಚ್ಚಬೇಡಿ. ಒಂದೂವರೆ ಗಂಟೆ ಓಡಿ ಬಂದವರಿಗೆ ಮಡಚಿಟ್ಟ ಮೇಜು ಕಾಣಬಾರದು. ಸಂಜೆ ನೀವೇ ಆ ಬೀದಿಗೆ ವಾಪಸ್ ಹೋಗಿ, ಉಳಿದ ಲೋಟ ಹೆಕ್ಕಿ, ಬಾಗಿಲು ಬಾಗಿಲಿಗೆ ಏನು ತೊಂದರೆ ಆಯಿತು ಅಂತ ಕೇಳಿ ಬರೆದುಕೊಳ್ಳಿ. ಮುಂದಿನ ವರ್ಷದ ದಾರಿ ಅದೇ ಪಟ್ಟಿಯಿಂದ ತಯಾರಾಗುತ್ತದೆ.